ಒಂದು ಮರಿ, ಎರಡು ಸಾಲು

ಮಾರ್ಚ್ ಬಿಸಿಲು. ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಪಕ್ಕದ ಜಗಲಿಯಲ್ಲಿ ಕೂತಿದ್ದೀರಿ. ಹಿಕ್ಕೆಯ ಘಾಟು, ಹಳಸಿದ ಮೀನಿನ ವಾಸನೆ ಗಂಟಲಿಗೇ ಇಳಿಯುತ್ತದೆ. ನೆತ್ತಿಯ ಮೇಲೆ ಬಣ್ಣದ ಕೊಕ್ಕರೆಗಳು ಕೊಕ್ಕು ಕುಟ್ಟುವ ಕಟಕಟ. ತೊಡೆಯ ಮೇಲೆ ಲ್ಯಾಪ್‌ಟಾಪ್ ಸುಡುತ್ತಿದೆ. ಪೈಥಾನ್‌ನ ಟಿಕಿಂಟರ್‌ನಲ್ಲಿ ನೀವೇ ಬರೆದ, ಗೂಡುಗಳ ಮತ್ತು ಬಿದ್ದ ಮರಿಗಳ ಲೆಕ್ಕದ ತಂತ್ರಾಂಶ ತೆರೆದಿದೆ.

ದಪ್!

"ಮರಿ ಬಿತ್ತು!" ಹುಡುಗನೊಬ್ಬ ಕೂಗುತ್ತಾನೆ. ಬುಟ್ಟಿ ಹಿಡಿದವರು ಓಡುತ್ತಾರೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಗುವ ಮೊದಲೇ, ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಎತ್ತಿ ಸಾಕಿದ ಊರಿದು. ನೀವು ಫಾರ್ಮ್‌ನಲ್ಲಿ ಮರದ ಸಂಖ್ಯೆ ತುಂಬಿ 'ಉಳಿಸು' ಒತ್ತುತ್ತೀರಿ.

ಪಟ್ಟಿಯಲ್ಲಿ ಎರಡು ಸಾಲು. ಬಿದ್ದದ್ದು ಒಂದೇ ಮರಿ.

ಹೊಟ್ಟೆ ತಳಮಳಿಸುತ್ತದೆ. ಕೋಡಿನಲ್ಲಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗುತ್ತೀರಿ. ಸಿಕ್ಕಿತು. ಫಾರ್ಮ್ ತೆರೆದಾಗಲೆಲ್ಲ ಅದು ಉಳಿಸುವ ಹ್ಯಾಂಡ್ಲರನ್ನು ಮುಖ್ಯ ವಿಂಡೋಗೆ ಪ್ಲಸ್ ಚಿಹ್ನೆಯೊಂದಿಗೆ, ಅಂದರೆ ಹಳೆಯದರ ಜೊತೆಗೆ ಇನ್ನೊಂದಾಗಿ, ಬೈಂಡ್ ಮಾಡುತ್ತಿದೆ. ಫಾರ್ಮ್ ಮುಚ್ಚಿದರೂ ಆ ಗಂಟು ಬಿಚ್ಚುವುದಿಲ್ಲ; ಮುಖ್ಯ ವಿಂಡೋ ಇರುವವರೆಗೂ ಇರುತ್ತದೆ.

ಬೆವರು ಕೀಲಿಮಣೆಗೆ ತೊಟ್ಟಿಕ್ಕುತ್ತದೆ. ಬೈಂಡ್ ಕಿತ್ತು, ಫಾರ್ಮ್‌ನಿಂದಲೇ ಪಟ್ಟಿಯ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ನೇರವಾಗಿ ಕರೆದರೆ? ಬರೆಯುತ್ತೀರಿ. ಓಡಿಸುತ್ತೀರಿ. ಕೆಂಪು ಅಕ್ಷರ. ಪಟ್ಟಿ ಆಗಲೇ ಫಾರ್ಮನ್ನು ಇಂಪೋರ್ಟ್ ಮಾಡುತ್ತಿದೆ. ಒಂದು ಪೂರ್ತಿ ಲೋಡ್ ಆಗುವ ಮೊದಲೇ ಇನ್ನೊಂದು ಅದರಿಂದ ಹೆಸರು ಕೇಳಿ ಎಡವಿದೆ. ಬ್ಯಾಟರಿ ಕೆಂಪಗಾಗಿದೆ. ಇಂಪೋರ್ಟನ್ನು ಫಂಕ್ಷನ್ನಿನೊಳಗೆ ತುರುಕಿದರೆ ಈ ಹೊತ್ತಿಗೆ ನಡೆದೀತು. ನಾಳೆ ನಕ್ಷೆಯ ಮಾಡ್ಯೂಲ್ ಬಂದರೆ? ಬೆರಳು ತಡೆಯುತ್ತದೆ.

ಆ ಹುಡುಗ ಬುಟ್ಟಿ ಯಾರ ಮನೆಯಲ್ಲಿದೆಯೆಂದು ವಿಚಾರಿಸಲಿಲ್ಲ, ಕೂಗಿದ ಅಷ್ಟೆ. ಫಾರ್ಮ್ ಮಾಡಬೇಕಾದದ್ದೂ ಅಷ್ಟೇ. ಹೊಸ ಫೈಲ್ ತೆರೆಯುತ್ತೀರಿ. ಅದರಲ್ಲೊಂದು ಡಿಕ್ಷನರಿ: ಘಟನೆಯ ಹೆಸರು, ಅದಕ್ಕೆ ಓಗೊಡುವ ಫಂಕ್ಷನ್‌ಗಳು. ನೋಂದಣಿಯೆಲ್ಲ ಮುಖ್ಯ ಫೈಲಿನಲ್ಲಿ, ತಂತ್ರಾಂಶ ಶುರುವಾಗುವಾಗ ಒಂದೇ ಸಲ. ಫಾರ್ಮ್, ಪಟ್ಟಿ, ನಕ್ಷೆ ಯಾವುದೂ ಇನ್ನೊಂದನ್ನು ಇಂಪೋರ್ಟ್ ಮಾಡಕೂಡದು. ಹಳೆಯ ಸಾಲುಗಳನ್ನು ಅಳಿಸುವಾಗ ಎದೆ ಡವಡವ ಎನ್ನುತ್ತದೆ.

ಫಾರ್ಮ್ ತೆರೆಯುತ್ತೀರಿ, ಮುಚ್ಚುತ್ತೀರಿ. ಮತ್ತೆ ತೆರೆದು, ಪರೀಕ್ಷೆಗೊಂದು ಮರಿಯನ್ನು ತುಂಬಿ 'ಉಳಿಸು' ಒತ್ತುತ್ತೀರಿ. ಒಂದೇ ಸಾಲು.

ಆದರೆ ಹಿಂದಿನ ಜೋಡಿ ಸಾಲುಗಳು ಹಾಗೇ ಇವೆ. ಒಂದೇ ಮರದಿಂದ ನಿಜಕ್ಕೂ ಎರಡು ಮರಿ ಬಿದ್ದ ದಿನವೂ ಇದ್ದೀತು. ಕಣ್ಣುಮುಚ್ಚಿ ಅಳಿಸುವಂತಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು, ಮರಿ ಸಾಕುವವರನ್ನು ಕೇಳಲು ಹೊರಡುತ್ತೀರಿ.