ಮೇಘಾನುಮಾನ

ಕಳೆದ ಮಾರ್ಗಶಿರದಲ್ಲಿ ಒಂದು ರಾತ್ರಿ, ಮಲೆನಾಡಿನ ನಮ್ಮ ಮನೆಯ ಅಂಗಳದಲ್ಲಿ ಬೇಯಿಸಿದ ಅಡಕೆಯನ್ನು ಹರಡಿದ್ದೆವು. ಮಲಗುವ ಮುನ್ನ ತಲೆಯೆತ್ತಿ ನೋಡಲು ನನಗೆ ಒಂದು ನಕ್ಷತ್ರವೂ ಕಾಣಲಿಲ್ಲ. ಮೊಮ್ಮಗನು ಮೊಬೈಲಿನಲ್ಲಿ ಉಪಗ್ರಹದ ಚಿತ್ರವನ್ನು ತೆರೆದು, “ಅಜ್ಜ, ನಮ್ಮ ಮೇಲೆ ಮೋಡವೇ ಇಲ್ಲ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ” ಎಂದನು. ಪೊರೆ ಬಂದಿರುವುದು ದಿಟವೇ. ಯಂತ್ರವನ್ನು ನಂಬಿ ಮಲಗಿದೆವು. ಬೆಳಗಿನ ಜಾವದ ತುಂತುರಿಗೆ ಅಡಕೆಯೆಲ್ಲ ನೆನೆದುಹೋಯಿತು. ಹುಡುಗನು ಎರಡು ದಿನ ನನ್ನ ಮುಖವನ್ನು ನೋಡಲಿಲ್ಲ.

ತಪ್ಪು ಉಪಗ್ರಹದ್ದಲ್ಲವೆಂದು ಆಮೇಲೆ ತಿಳಿದುಕೊಂಡೆನು. 2016ರ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಇವು ಸುಮಾರು 36,000 ಕಿಲೋಮೀಟರು ಎತ್ತರದಿಂದ ಅಳೆಯುವುದು ಬೆಳಕನ್ನು ಮತ್ತು ಶಾಖವನ್ನು, ಮೋಡವೆಂಬುದು ಅನುಮಾನ. ಪಾಠಶಾಲೆಯಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸಲು ಕಲಿತೆವಷ್ಟೆ. ಇಲ್ಲಿ ಶೈತ್ಯದಿಂದ ಮೋಡವನ್ನು ಊಹಿಸುವರು. ಎತ್ತರದ ದಟ್ಟ ಮೋಡವು ನೆಲಕ್ಕಿಂತ ಬಹಳ ತಣ್ಣಗಿರುವುದರಿಂದ ಹೇತುವು ಸಲ್ಲುತ್ತದೆ. ತಗ್ಗಿನಲ್ಲಿ ಕವಿದ ಮೋಡವಾದರೋ ರಾತ್ರಿಯ ನೆಲದಷ್ಟೇ ಬೆಚ್ಚಗಿರಬಹುದು. ಅಲ್ಲಿ ಸಾಧ್ಯವುಂಟು, ಹೇತುವಿಲ್ಲ. ಹಿಮಾಲಯದ ಹಿಮದಲ್ಲಿ ಹೇತುವುಂಟು, ಸಾಧ್ಯವಿಲ್ಲ. ನಮ್ಮ ಗುರುಗಳಾಗಿದ್ದರೆ ಸವ್ಯಭಿಚಾರವೆಂದು ತಲೆಗೆ ಮೊಟಕುತ್ತಿದ್ದರು. ಆದುದರಿಂದ ವಿಜ್ಞಾನಿಗಳು ಎರಡನೆಯ ಹೇತುವನ್ನು ತರುವರು. ಹಗಲಿನಲ್ಲಿ 1.6 ಮೈಕ್ರಾನಿನ ಕಿರಣದಲ್ಲಿ ಹಿಮವು ಕಪ್ಪಾಗಿಯೂ ನೀರಿನ ಮೋಡವು ಬೆಳ್ಳಗೂ ತೋರುವುದು, ರಾತ್ರಿಯಲ್ಲಿ 3.9 ಮತ್ತು 10.8 ಮೈಕ್ರಾನಿನ ಅಳತೆಗಳ ಅಂತರದಿಂದ ತಗ್ಗಿನ ಮೋಡವೂ ಮಂಜೂ ಸಿಕ್ಕಿಬೀಳುವುವು. ಮೊಮ್ಮಗನು ನೋಡಿದ್ದು ಒಂದೇ ಹೇತುವಿನ ಚಿತ್ರ.

ಆಕಾಶ ಎಷ್ಟು ಪಾಲು ಮುಚ್ಚಿದೆಯೆಂಬ ಲೆಕ್ಕ ಇನ್ನೂ ತೊಡಕಿನದು. ಶಾಖಚಿತ್ರದ ಒಂದು ಚುಕ್ಕೆಯೆಂದರೆ ನೆಲದಲ್ಲಿ ಸುಮಾರು ನಾಲ್ಕು ಕಿಲೋಮೀಟರಿನ ಚೌಕ. ಅದರಲ್ಲಿ ಅರ್ಧವೇ ಮೋಡವಿರಲು, ಪೂರ್ತಿಯೆಂದು ಎಣಿಸಿದರೆ ಲೆಕ್ಕ ಹೆಚ್ಚುವುದು, ಬಿಟ್ಟರೆ ಕುಗ್ಗುವುದು.

ನಾನು ಉಪಾಧ್ಯಾಯನಾಗಿದ್ದಾಗ, ಹವಾಮಾನದವರ ಪದ್ಧತಿಯಂತೆ ಆಕಾಶವನ್ನು ಎಂಟು ಪಾಲು ಮಾಡಿ ಮೋಡವನ್ನು ಎಣಿಸಿರೆಂದು ಹುಡುಗರನ್ನು ಬಯಲಿಗೆ ಕಳುಹಿಸುತ್ತಿದ್ದೆನು. ಒಂದು ದಿನ ಎಲ್ಲರೂ ಆರು, ಏಳು ಎಂದರು. ಒಬ್ಬನು ಮಾತ್ರ ನೆತ್ತಿಯ ಮೇಲೆಯೇ ದೃಷ್ಟಿಯಿಟ್ಟು ಮೂರು ಎಂದನು. ಸೋಮಾರಿಯೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ದಿಗಂತದ ಕಡೆ ನಮಗೆ ಕಾಣುವುದು ಮೋಡಗಳ ಪಕ್ಕೆಗಳು. ನಡುವಣ ಬಿಡುವುಗಳು ಮರೆಯಾಗಿ ಮೋಡ ಹೆಚ್ಚೆಂದು ತೋರುತ್ತದೆಂಬುದನ್ನು ಈಚೆಗೆ ಓದಿದೆನು. ನೇರ ಮೇಲಿನಿಂದ ನೋಡುವ ಉಪಗ್ರಹವು ಬಹುಶಃ ಆ ಹುಡುಗನ ಪಕ್ಷವನ್ನೇ ವಹಿಸುತ್ತಿದ್ದಿತು. ಅವನೀಗ ಎಲ್ಲಿರುವನೋ ತಿಳಿಯದು.

ಮೊಮ್ಮಗನು ಈಗ ಸಂಜೆ ಎರಡು ಬಗೆಯ ಚಿತ್ರಗಳನ್ನೂ ತೆರೆದಿಟ್ಟು, “ಅಜ್ಜ, ನಕ್ಷತ್ರ ಕಾಣುತ್ತದೆಯೆ?” ಎಂದು ಕೇಳುತ್ತಾನೆ. ಕಂಡರೂ ಅಡಕೆಗೆ ತಾಡಪಾಲು ಹೊದಿಸಿಯೇ ಮಲಗುತ್ತೇವೆ.