ವಾದ್ಯಗಳ ಜಾತ್ರೆಯೂ ಅತ್ತೆಯವರ ಶ್ರುತಿಯೂ

ನಮ್ಮ ಅಂಕೋಲೆಯ ಸೀಮೆಯಲ್ಲಿ ಹಬ್ಬ-ಜಾತ್ರೆಗಳಿಗೆ ಕೊರತೆಯೆಂಬದಿಲ್ಲ. ಫಾಲ್ಗುಣದಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಮೇಳವು ತುರಾಯಿ ಕಟ್ಟಿಕೊಂಡು ಮನೆಯಂಗಳಕ್ಕೆ ಬರುವದು. ವೈಶಾಖದಲ್ಲಿ ಬಂಡಿಹಬ್ಬಕ್ಕೆ ಊರಿಗೆ ಊರೇ ನೆರೆಯುವದು. ಇವೆಲ್ಲ ಪಂಚಾಂಗವನ್ನು ನೋಡಿ ಕಾಯುವ ಹಬ್ಬಗಳು. ಆದರೆ ಬೊಬ್ರುವಾಡದ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಪಂಚಾಂಗದಲ್ಲಿಲ್ಲದ ಇನ್ನೊಂದು ಜಾತ್ರೆಯ ಹಾದಿಯನ್ನು ನೋಡುವ ಪರಿಪಾಠವು ಬಿದ್ದಿದೆ. ಆ ಜಾತ್ರೆಯು ಕೂಡುವದು ನಮ್ಮ ದೇಶದಲ್ಲಿಯೂ ಅಲ್ಲ; ಸಮುದ್ರದಾಚೆ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿರುವ ಅನಾಹೈಮ್ ಎಂಬ ಪಟ್ಟಣದಲ್ಲಿ. ಅದು ವಾದ್ಯಗಳನ್ನು ಮಾಡುವವರ ಮತ್ತು ಮಾರುವವರ ಜಾತ್ರೆ. ನಾವು ಅದಕ್ಕೆ ಹೋದವರಲ್ಲ, ಮುಂದೆ ಹೋಗುವ ಸಂಭವವೂ ಕಾಣುವದಿಲ್ಲ. ಆದರೂ ಮಕರ ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಯಿತೆಂದರೆ ನಮ್ಮ ಮನಸ್ಸು ಅತ್ತ ಹರಿಯತೊಡಗುವದು.

ಈ ಜಾತ್ರೆಯನ್ನು ನಡೆಸುವ ವ್ಯಾಪಾರಿಗಳ ಸಂಘವು ೧೯೦೧ರಲ್ಲಿ ಹುಟ್ಟಿದ್ದು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜಾತ್ರೆಗೂ 'ನ್ಯಾಮ್' ಎಂದೇ ಕರೆಯುತ್ತಾರೆ. ಕೊರೋನಾ ಪಿಡುಗಿನ ದೆಸೆಯಿಂದ ೨೦೨೧ರಲ್ಲಿ ಜನ ಕೂಡಲಿಲ್ಲ. ೨೦೨೨ರಲ್ಲಿ ಅದು ಜೂನಿಗೂ ೨೦೨೩ರಲ್ಲಿ ಎಪ್ರಿಲಿಗೂ ಸರಿದು, ೨೦೨೪ರಿಂದ ಮತ್ತೆ ತನ್ನ ಜನವರಿಗೆ ಬಂದು ನಿಂತಿತು. ಅಲ್ಲಿ ಬೆಳಗಿನ ಹತ್ತು ಗಂಟೆಗೆ ಬಾಗಿಲು ತೆರೆದರೆ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ನಮ್ಮ ಮಗನು ಮೊಬೈಲನ್ನು ಹಿಡಿದು ಕೂತಿರುತ್ತಾನೆ. ನಾವು ನಿದ್ದೆ ಬಂದಂತೆ ನಟಿಸುತ್ತ ಪಕ್ಕದಲ್ಲಿಯೇ ಇರುತ್ತೇವೆ. "ಈ ವರ್ಷ ಏನು ಹೊಸತು?" ಎಂದು ಮೊದಲು ಕೇಳುವವರು ಸಾಮಾನ್ಯವಾಗಿ ನಾವೇ.

ಇಂಥ ಜಾತ್ರೆಯಲ್ಲಿ ಹೆಚ್ಚಿನ ಕುತೂಹಲವು ಸಿಂಥೆಸೈಜರ್ ಎಂಬ ವಾದ್ಯದ ಸುತ್ತ ನೆರೆದಿರುತ್ತದೆ. ಇದರಲ್ಲಿ ತಂತಿಯಿಲ್ಲ, ಚರ್ಮವಿಲ್ಲ, ಗಾಳಿಯಿಲ್ಲ. ವಿದ್ಯುತ್ತನ್ನೇ ನಡುಗಿಸಿ ನಾದವನ್ನು ಹುಟ್ಟಿಸುವದು. ಆ ನಾದದಲ್ಲಿ ಬೇಡವಾದ ಅಂಶವನ್ನು ಹಾಲು ಸೋಸಿದಂತೆ ಸೋಸಿ ತೆಗೆಯುವದು. ಎಷ್ಟು ಬೇಗ ಏರಬೇಕು, ಎಷ್ಟು ನಿಧಾನವಾಗಿ ಆರಬೇಕು ಎಂಬದನ್ನು ಗುಂಡಿಗಳಿಂದ ತಿದ್ದುವದು, ಇದೇ ಅದರ ರಹಸ್ಯ. ಅಮೇರಿಕೆಯ ರಾಬರ್ಟ್ ಮೂಗ್ ಎಂಬವರು ೧೯೬೪ರಲ್ಲಿ ತಮ್ಮ ಯಂತ್ರದ ಭಾಗಗಳನ್ನು ಮೊದಲು ಜನರೆದುರಿಗೆ ಇಟ್ಟದ್ದು ನ್ಯೂಯಾರ್ಕಿನಲ್ಲಿ ಕೂಡಿದ ಒಂದು ಧ್ವನಿತಂತ್ರಜ್ಞರ ಸಮ್ಮೇಳನದಲ್ಲಿ. ಐದೇ ವರ್ಷಗಳಲ್ಲಿ, ೧೯೬೯ರಲ್ಲಿ, ಆ ಮೂಗ್ ಯಂತ್ರವು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತ್ತು.

ಆದರೆ ನಮಗೆ ಎಲ್ಲಕ್ಕೂ ಹೆಚ್ಚು ಪ್ರಿಯವಾದ ಕಥೆಯು ೧೯೮೩ರ ಜನವರಿಯದು. ಅಲ್ಲಿಯ ವರೆಗೆ ಒಂದು ಕಂಪನಿಯ ವಾದ್ಯವು ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತನಾಡುತ್ತಿರಲಿಲ್ಲ. ಆ ವರ್ಷದ ನ್ಯಾಮ್ ಜಾತ್ರೆಯಲ್ಲಿ ಅಮೇರಿಕೆಯ 'ಪ್ರಾಫೆಟ್-೬೦೦' ಎಂಬ ವಾದ್ಯಕ್ಕೂ ಜಪಾನಿನ ರೋಲ್ಯಾಂಡ್ ಕಂಪನಿಯ 'ಜುಪಿಟರ್-೬' ಎಂಬ ವಾದ್ಯಕ್ಕೂ ಒಂದು ತಂತಿಯನ್ನು ಕಟ್ಟಿ, ಒಂದನ್ನು ನುಡಿಸಿದರೆ ಇನ್ನೊಂದು ನುಡಿಯುವಂತೆ ಮಾಡಿ ತೋರಿಸಿದರು. ಈ ಏರ್ಪಾಟಿಗೆ 'ಮಿಡಿ' ಎಂದು ಹೆಸರು. ಅದರ ಹಿಂದೆ ನಿಂತ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಎಂಬ ಇಬ್ಬರೂ ಪೇಟೆಯಲ್ಲಿ ಪ್ರತಿಸ್ಪರ್ಧಿಗಳು. ಸ್ಪರ್ಧೆಯನ್ನು ಬಿಡದೆಯೇ ಒಂದು ಸಮಾನವಾದ ಭಾಷೆಗೆ ಒಪ್ಪಿದರು. ೨೦೧೩ರಲ್ಲಿ ಇಬ್ಬರಿಗೂ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪುರಸ್ಕಾರವು ದೊರೆಯಿತು. ಮಗನು ಈ 'ಮಿಡಿ'ಯನ್ನು ಮೊದಲ ಸಲ ವರ್ಣಿಸಿದಾಗ ನಮ್ಮ ಮನೆಯವರು ಅಡಿಗೆಯ ಮನೆಯಿಂದಲೇ, "ಅಪ್ಪೆಮಿಡಿಯೋ ಜೀರಿಗೆಮಿಡಿಯೋ?" ಎಂದು ವಿಚಾರಿಸಿದ್ದರು. ನಗುವಿನ ಮಾತು ಹಾಗಿರಲಿ. ತಂತಿಯನ್ನು ಮಿಡಿಯುವದು ಎಂಬ ಅರ್ಥದಲ್ಲಿ ಆ ಶಬ್ದವು ನಮ್ಮದೇ ಎಂಬಷ್ಟು ಚೆನ್ನಾಗಿ ಹೊಂದಿಕೊಂಡಿದೆ.

ಇಷ್ಟು ದೂರದ ಸಂಗತಿಯಲ್ಲಿ ನಮ್ಮಂಥ ಗೃಹಸ್ಥರಿಗೆ ಇಷ್ಟೊಂದು ಆಸ್ಥೆಯೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವು ನಮ್ಮ ಸೋದರತ್ತೆಯವರು.

ಗುರುವಾರದ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ ನಡೆಯುವದು ತೀರ್ಥರೂಪರ ಕಾಲದಿಂದ ಬಂದ ಪದ್ಧತಿ. ತೀರ್ಥರೂಪರು ಪೇಟಿಯನ್ನು ನುಡಿಸುತ್ತಿದ್ದರು. ಅತ್ತೆಯವರು ಮುಂದಾಗಿ ಹಾಡುತ್ತಿದ್ದರು. ನೆರೆಹೊರೆಯ ಹೆಂಗಸರು ದನಿಗೂಡಿಸುತ್ತಿದ್ದರು. ಅವರ ಶ್ರುತಿಯು ಕಪ್ಪು ನಾಲ್ಕು ಎಂದು ಎಲ್ಲರಿಗೂ ಬಾಯಿಪಾಠವಾಗಿತ್ತು. ತೀರ್ಥರೂಪರು ತೀರಿಕೊಂಡ ತರುವಾಯ ಪೇಟಿಯು ನಮ್ಮ ಪಾಲಿಗೆ ಬಂದಿತು. ವರ್ಷಗಳು ಕಳೆದಂತೆ ಅತ್ತೆಯವರ ಧ್ವನಿಯು ಕೆಳಗಿಳಿಯಿತು. ಮೊದಲು ಬಿಳಿ ಐದಕ್ಕೆ ಬಂದಿತು, ಅದಕ್ಕೆ ನಾವು ಹೊಂದಿಸಿಕೊಂಡೆವು. ಆಮೇಲೆ ಅಲ್ಲಿಯೂ ನಿಲ್ಲದೆ ಬಿಳಿ ಐದಕ್ಕೂ ಕಪ್ಪು ಮೂರಕ್ಕೂ ನಡುವೆ ಎಲ್ಲಿಯೋ ಹೋಗಿ ನೆಲೆಸಿತು. ಬಿಳಿ ಐದನ್ನು ಹಿಡಿದರೆ ಅವರಿಗೆ ಮೇಲಿನ ಷಡ್ಜವು ಎಟುಕದು; ಕಪ್ಪು ಮೂರನ್ನು ಹಿಡಿದರೆ ಕೆಳಗಿನ ಸ್ವರಗಳು ಗಂಟಲಲ್ಲಿಯೇ ಉಳಿಯುವವು. ನಡುವೆ ಇರುವದು ಬರಿಯ ಮರ.

ಪೇಟಿಯ ಈ ದೋಷವು ಹೊಸದೇನಲ್ಲ. ಅದರ ಒಳಗೆ ಹಿತ್ತಾಳೆಯ ನಾಲಿಗೆಗಳಿವೆ. ಪ್ರತಿಯೊಂದನ್ನೂ ಅರದಿಂದ ಉಜ್ಜಿ ಒಂದೇ ಸ್ವರಕ್ಕೆ ಗೊತ್ತುಮಾಡಿರುತ್ತಾರೆ. ಒಂದು ಸಪ್ತಕಕ್ಕೆ ೧೨ ಮನೆಗಳು. ಎರಡು ಮನೆಗಳ ನಡುವಿನ ಸ್ವರವನ್ನು ಅದು ಅರಿಯದು. ಈಗ ನಾವು ಪೇಟಿಯನ್ನು ಹಳೆಯ ನಮ್ಮ ವಾದ್ಯವೆಂದು ಭಾವಿಸುತ್ತೇವೆ. ಆದರೆ ಅದೂ ಒಂದು ಕಾಲಕ್ಕೆ ವಿಲಾಯತಿಯ ಹೊಸ ಯಂತ್ರವೇ. ಪ್ಯಾರಿಸಿನ ದೆಬೇನ್ ಎಂಬವರು ೧೮೪೦ರ ಸುಮಾರಿಗೆ ಹಾರ್ಮೋನಿಯಮ್ಮಿಗೆ ಹಕ್ಕುಪತ್ರವನ್ನು ಪಡೆದರು. ಕಲಕತ್ತೆಯ ದ್ವಾರಕಾನಾಥ ಘೋಷರು ಕಾಲಿನಿಂದ ತುಳಿಯುವ ಆ ವಾದ್ಯವನ್ನು ನೆಲದ ಮೇಲೆ ಕೂತು ಕೈಯಿಂದ ತಿದಿಯೊತ್ತುವ ಪೇಟಿಯನ್ನಾಗಿ ಮಾರ್ಪಡಿಸಿದರು. ತರುಣರಾಗಿದ್ದಾಗ ನಮ್ಮ ಕಾರವಾರದ ಕಡಲ ದಂಡೆಗೆ ಮನಸೋತ ರವೀಂದ್ರನಾಥ ಠಾಕೂರರಿಗೆ ಈ ಪೇಟಿ ಸೇರುತ್ತಿರಲಿಲ್ಲ. ಅಖಿಲ ಭಾರತ ರೇಡಿಯೋದವರು ೧೯೪೦ರಲ್ಲಿ ಅದನ್ನು ಹೊರಗಿಟ್ಟರು. ಆ ನಿರ್ಬಂಧವು ಸಡಿಲಾದದ್ದು ೧೯೭೧ರಲ್ಲಿ. ಮೀಂಡು ಬಾರದು, ಶ್ರುತಿಯು ಸೂಕ್ಷ್ಮವಾಗದು ಎಂಬದೇ ಆಕ್ಷೇಪದ ಸಾರ. ಪಂಡಿತರ ಆ ವಾದವನ್ನು ನಾವು ಪುಸ್ತಕಗಳಲ್ಲಿ ಓದಿದ್ದೆವು. ಅದರ ನಿಜವು ಮನವರಿಕೆಯಾದದ್ದು ಮಾತ್ರ ಅತ್ತೆಯವರು ಹಾಡುವದನ್ನು ಬಿಟ್ಟಾಗ.

ಅವರು ಸಿಟ್ಟಿನಿಂದ ಬಿಡಲಿಲ್ಲ. ಒಂದು ಗುರುವಾರ, "ಪೇಟಿ ಅದರ ದಾರಿ ಹಿಡೀತದೆ, ನಾನು ನನ್ನ ದಾರಿ ಹಿಡೀತೆ. ನಡುವೆ ದೇವರಿಗೆ ಯಾಕೆ ಕಿವಿನೋವು?" ಎಂದು ನಕ್ಕು ತಾಳವನ್ನು ಕೈಗೆ ತಕ್ಕೊಂಡರು. ಅಂದಿನಿಂದ ಬರಿಯ ತಾಳವನ್ನು ಹಾಕುತ್ತ ಕಂಬಕ್ಕೊರಗಿ ಕೂಡುವರು. ತಂಬೂರಿ ಸಾಲದೇ ಎನ್ನಬಹುದು. ಬೆಂಗಳೂರಿನಲ್ಲಿ ಜಿ. ರಾಜನಾರಾಯಣರು ೧೯೭೯ರ ಸುಮಾರಿಗೆ ಸಿದ್ಧಪಡಿಸಿದ ಇಲೆಕ್ಟ್ರಾನಿಕ್ ತಂಬೂರಿಯು ಈಗ ಎಲ್ಲೆಡೆಗೂ ಬಂದಿದೆ. ಅದರ ಶ್ರುತಿಯನ್ನು ಎಳೆಯಷ್ಟು ಏರಿಸಿ ಇಳಿಸಬಹುದು. ಅದನ್ನೂ ಇಟ್ಟು ನೋಡಿದೆವು. ಆದರೆ ಹತ್ತು ಮಂದಿ ಕೂಡಿ ಹಾಡುವ ಭಜನೆಗೆ ರಾಗದ ಕೈಹಿಡಿದು ನಡೆಯಿಸುವ ವಾದ್ಯವೊಂದು ಬೇಕು. ಬರಿಯ ಷಡ್ಜ ಪಂಚಮಗಳ ಮೇಲೆ ಎಲ್ಲರ ಧ್ವನಿಯೂ ಚದುರಿಹೋಗುತ್ತಿತ್ತು.

ಮನೆಯಲ್ಲಿ ಮಗನ ಕೀಬೋರ್ಡೂ ಇತ್ತು. ಅದಕ್ಕೆ ಮುಂಚೆ ಪಟ್ಟಣದ ಒಂದು ಅಂಗಡಿಯಿಂದ ತಂದ ಇನ್ನೊಂದು ನಮ್ಮ ಕಡಲ ಗಾಳಿಯನ್ನೂ ಆಷಾಢದ ತೇವವನ್ನೂ ತಾಳಲಾರದೆ ಎರಡನೆಯ ಮಳೆಗಾಲದಲ್ಲಿಯೇ ಮೂಕವಾಗಿತ್ತು. ಈ ಎರಡನೆಯದನ್ನು ಮಗನು ಬಟ್ಟೆ ಹೊದಿಸಿ ಜೋಪಾನವಾಗಿ ಕಾದುಕೊಂಡಿದ್ದನು. ಅದರಲ್ಲಿ ಒಂದು ಗುಂಡಿಯನ್ನೊತ್ತಿದರೆ ಇಡೀ ಸ್ವರಶ್ರೇಣಿಯು ಒಂದು ಮನೆಯಷ್ಟು ಮೇಲಕ್ಕೋ ಕೆಳಕ್ಕೋ ಸರಿಯುವದು. ಆದರೆ ಮನೆಯಿಂದ ಮನೆಗೇ ಜಿಗಿತ. ಹೊಸ್ತಿಲ ಮೇಲೆ ನಿಲ್ಲುವದಿಲ್ಲ. ಆದುದರಿಂದ, ಇನ್ನೂ ಹೊಸದಾದ, ಇನ್ನೂ ಜಾಣವಾದ ವಾದ್ಯವು ಬರಲಿ ಎಂದು ನಾವು ಜನವರಿಯಿಂದ ಜನವರಿಗೆ ಕಾಯತೊಡಗಿದೆವು. ಅದಕ್ಕಾಗಿ ಅಂಚೆಯ ಉಳಿತಾಯದಲ್ಲಿ ತಿಂಗಳಿಗಿಷ್ಟು ಎಂದು ಹಣವನ್ನೂ ಕೂಡಿಹಾಕಿದೆವು. ೨೦೨೦ರ ಜನವರಿಯಲ್ಲಿ 'ಮಿಡಿ'ಯ ಎರಡನೆಯ ಅವತಾರವು ಗೊತ್ತಾಯಿತು. ಬೆರಳಿನ ಒತ್ತನ್ನು ಮೊದಲು ೧೨೮ ಮೆಟ್ಟಲುಗಳಲ್ಲಿ ಅಳೆಯುತ್ತಿದ್ದದ್ದು ಇನ್ನು ೬೫,೫೩೬ ಮೆಟ್ಟಲುಗಳಲ್ಲಿ ಎಂದು ತಿಳಿದು ಬೆರಗಾದೆವು. ಭಾರತದವರಿಗೆಂದೇ ತಬಲಾ ತಂಬೂರಿಗಳನ್ನು ಒಳಗೊಂಡ ಯಾಮಾಹಾದ 'ಪಿಎಸ್‌ಆರ್-ಐ೫೦೦' ಬಂದಿತು. ಅದರ ವಿವರಗಳನ್ನೂ ಓದಿದೆವು. ಆದರೆ ಅತ್ತೆಯವರು ಕಂಬಕ್ಕೊರಗಿಯೇ ಇದ್ದರು.

ಹೀಗಿರುತ್ತ ಒಂದು ಜನವರಿಯ ರಾತ್ರಿ ಮಗನು ಹೊಸ ಸಿಂಥೆಸೈಜರ್ ಒಂದರ ಗುಣವರ್ಣನೆಯನ್ನು ಗಟ್ಟಿಯಾಗಿ ಓದುತ್ತಿದ್ದನು. ಕೆಲವು ವಾದ್ಯಗಳಲ್ಲಿ ಪ್ರತಿಯೊಂದು ಸ್ವರವನ್ನೂ ಬೇರೆಬೇರೆಯಾಗಿ ಸೂಕ್ಷ್ಮವಾಗಿ ತಿದ್ದುವ ಅನುಕೂಲವಿದೆ. ೨೦೧೭ರ ಸುಮಾರಿಗೆ ಬಂದ ಕಾರ್ಗ್ ಕಂಪನಿಯ 'ಮೊನೊಲಾಗ್' ಎಂಬದರಲ್ಲಿಯೂ ಅದಿತ್ತು. ಈ ಹೊಸದರಲ್ಲಿ ಅದೂ ಇದೆ, ಅಲ್ಲದೆ ಇಡೀ ವಾದ್ಯದ ಶ್ರುತಿಯನ್ನು ಒಮ್ಮೆಗೇ ನೂಲಿನಷ್ಟು ಇಳಿಸುವ ಉಪಾಯವೂ ಇದೆ ಎಂದು ಓದಿದಾಗ ನಾವು ಎದ್ದು ಕೂತೆವು. "ಇದೇ! ಅಜ್ಜಿಗೆ ಬೇಕಾದದ್ದು ಇದೇ!" ಎಂದು ಅವನೂ ಕೂಗಿದನು. ಬೆಲೆಯನ್ನು ನೋಡಿದೆವು, ನಮ್ಮ ಉಳಿತಾಯವು ಅದರ ಮೊಣಕಾಲಿಗೂ ಬರುವಂತಿರಲಿಲ್ಲ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ, ನಮ್ಮದರಲ್ಲಿ ಇಲ್ಲದ್ದು ಏನೇನು ಎಂದು ತುಲನೆಮಾಡುವದಕ್ಕಾಗಿ ಮಗನು ಕಪಾಟಿನಿಂದ ಹಳೆಯ ಕೀಬೋರ್ಡಿನ ಕೈಪಿಡಿಯನ್ನು ತೆಗೆದನು. ತಂದ ದಿನ ನಾಲ್ಕು ಪುಟಗಳನ್ನು ತಿರುವಿ ಇಟ್ಟದ್ದು; ಅಂಚುಗಳನ್ನು ಗೆದ್ದಲು ಮುಟ್ಟಿತ್ತು. ಅದರ ಕೊನೆಯ ಭಾಗದಲ್ಲಿ, ಯಾರೂ ಓದದ ಸಣ್ಣಕ್ಷರದ ಒಂದು ಪಟ್ಟಿಯಲ್ಲಿ, ಅದೇ ಶಬ್ದವಿತ್ತು. ವಾದ್ಯದ ಮೂಲಶ್ರುತಿಯನ್ನು ೪೪೦ ಕಂಪನಗಳಿಂದ ಸ್ವಲ್ಪಸ್ವಲ್ಪವಾಗಿ ಇಳಿಸಬಹುದು, ಏರಿಸಬಹುದು.

ಮರುದಿನವೇ ಗುರುವಾರ. ಮಗನು ಶ್ರುತಿಯನ್ನು ೪೨೮ರ ಹತ್ತಿರಕ್ಕೆ ಇಳಿಸಿದನು. ಅಂದರೆ ಒಂದು ಮನೆಯ ಸುಮಾರು ಅರ್ಧದಷ್ಟು. ಅತ್ತೆಯವರಿಗೆ ಏನನ್ನೂ ಹೇಳಲಿಲ್ಲ. ಬಿಳಿ ಐದನ್ನು ಹಿಡಿದು ಷಡ್ಜವನ್ನು ನುಡಿಸಿದನು. ಅವರು ತಾಳವನ್ನು ತಟ್ಟುತ್ತಿದ್ದವರು ನಿಲ್ಲಿಸಿದರು. ಮೆಲ್ಲನೆ ಬಾಯಿ ಮುಚ್ಚಿಕೊಂಡೇ ದನಿಗೂಡಿಸಿ ನೋಡಿದರು. ಆಮೇಲೆ ಕಂಬವನ್ನು ಬಿಟ್ಟು ಮುಂದಕ್ಕೆ ಸರಿದು ಕೂತರು. ಆ ಸಂಜೆಯ ಭಜನೆಯಲ್ಲಿ ಅವರ ಕಂಠವು ಎರಡು ಕಡೆಗೆ ನಡುಗಿತು, ಒಂದು ಕಡೆಗೆ ಉಸಿರು ಸಾಲಲಿಲ್ಲ; ಆದರೆ ಮೇಲಿನ ಷಡ್ಜವು ಅವರ ಕೈಗೆ ಬಂದಿತು. ಮಂಗಳಾರತಿಯಾದ ಮೇಲೆ, "ತಮಾ, ಇಷ್ಟು ದಿನ ಇದು ಎಲ್ಲಿತ್ತು?" ಎಂದು ಕೇಳಿದರು. ಅವನು, "ಇಲ್ಲೇ ಇತ್ತು, ಅಜ್ಜಿ" ಎಂದು ತಲೆ ತಗ್ಗಿಸಿದನು. ತಲೆ ತಗ್ಗಿಸಬೇಕಾದವರು ನಾವು. ಅತ್ತೆಯವರ ಎರಡು ವರ್ಷಗಳ ಮೌನವು ಗೆದ್ದಲು ಹಿಡಿದ ಒಂದು ಕೈಪಿಡಿಯಲ್ಲಿ ಕೂತಿತ್ತು. ಅವರ ವಯಸ್ಸಿನಲ್ಲಿ ಎರಡು ವರ್ಷಗಳೆಂದರೆ ಸಣ್ಣ ಮೊತ್ತವಲ್ಲ.

ಹಾಗೆಂದು ಕಾದದ್ದು ವ್ಯರ್ಥವಾಯಿತೆಂದು ನಾವು ಹೇಳಲಾರೆವು. ನಮಗೆ ಬೇಕಾದದ್ದಕ್ಕೆ ಏನು ಹೆಸರೆಂಬದೇ ನಮಗೆ ತಿಳಿದಿರಲಿಲ್ಲ. ಆ ಹೆಸರನ್ನು ಕಲಿಸಿದ್ದು ದೂರದ ಆ ಜಾತ್ರೆಯೇ. ಆದರೆ ಜಾತ್ರೆಯು ಉತ್ತರ ಕೊಡುವದು ಪ್ರಶ್ನೆಯನ್ನು ಕಟ್ಟಿಕೊಂಡು ಹೋದವರಿಗೆ. ಮುಂಬಯಿಯ ಚರಣಜಿತ್ ಸಿಂಗರು ೧೯೮೨ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿದರು. ಅವುಗಳಲ್ಲಿ 'ಟಿಬಿ-೩೦೩' ಎಂಬದು ಒಂಟಿಯಾಗಿ ಅಭ್ಯಾಸಮಾಡುವ ವಾದಕರಿಗೆ ಬೇಸ್ ಗಿಟಾರಿನ ಬದಲಿಗೆಂದು ಮಾಡಿದ್ದು. ಗಿರಾಕಿಗಳು ಸಾಲದೆ ೧೯೮೪ರಲ್ಲಿಯೇ ಅದರ ತಯಾರಿಕೆ ನಿಂತಿತು. ಸ್ವರದಿಂದ ಸ್ವರಕ್ಕೆ ಜಾರುವ ಅದರ ಗುಣದಲ್ಲಿ ಸಿಂಗರು ನಮ್ಮ ಮೀಂಡನ್ನು ಕಂಡರು. ಆಗ ಅವರ ತಟ್ಟೆಯನ್ನು ಕೇಳಿದವರು ವಿರಳ. ೨೦೧೦ರಲ್ಲಿ ಅದು ಮತ್ತೆ ಹೊರಬಂದಾಗ ಹೊರದೇಶದವರು ಬೆರಗಾದರು. ಯಂತ್ರವು ಎಲ್ಲರಿಗೂ ಒಂದೇ ಆಗಿತ್ತು. ರಾಗವು ಸಿಂಗರ ಕಿವಿಯಲ್ಲಿ ಮೊದಲೇ ಇತ್ತು. ನಮ್ಮ ಹಾಲಕ್ಕಿಗಳು ಗುಮಟೆಯನ್ನು ನುಡಿಸುವ ಮುಂಚೆ ಬೆಂಕಿಯ ಹತ್ತಿರ ಹಿಡಿದು, ತಟ್ಟಿ, ಕಿವಿಗೊಟ್ಟು, ಮತ್ತೆ ಕಾಯಿಸುತ್ತಾರೆ. ವಾದ್ಯವನ್ನು ಮನುಷ್ಯನ ಹದಕ್ಕೆ ತರುವ ಆ ತಾಳ್ಮೆಯನ್ನು ನಾವು ಕೊಂಡ ಯಂತ್ರದ ವಿಷಯದಲ್ಲಿ ತೋರಿಸಿರಲಿಲ್ಲ.

ಉಳಿತಾಯದ ಹಣದಲ್ಲಿ ತೀರ್ಥರೂಪರ ಪೇಟಿಯ ತಿದಿಯನ್ನೂ ನಾಲಿಗೆಗಳನ್ನೂ ದುರಸ್ತಿ ಮಾಡಿಸಿದೆವು. ಅದನ್ನು ಪಡಸಾಲೆಯಲ್ಲಿ ಅದರ ಜಾಗದಲ್ಲಿಯೇ ಇಟ್ಟಿದ್ದೇವೆ. ಗಂಡಸರು ಹಾಡುವ ದಿನ ಅದು, ಅತ್ತೆಯವರು ಹಾಡುವ ದಿನ ಕೀಬೋರ್ಡು. ಬರುವ ಜನವರಿಯಲ್ಲಿಯೂ ನಾವು ಹನ್ನೊಂದೂವರೆಯ ವರೆಗೆ ಎಚ್ಚರವಿರುವವರೇ. ಹೊಸ ವಾದ್ಯಗಳನ್ನು ನೋಡುವ ಆಸೆಯು ಕಡಿಮೆಯಾಗಿಲ್ಲ, ಆಗುವದೂ ಬೇಡ. ಆದರೆ ಈ ಸಲ ಮೊಬೈಲನ್ನು ತೆರೆಯುವ ಮುಂಚೆ ಅತ್ತೆಯವರ ಹತ್ತಿರ ಹೋಗಿ, ಶ್ರುತಿಯು ಇದ್ದಲ್ಲಿಯೇ ಇದೆಯೋ, ಮತ್ತೂ ಕೊಂಚ ಇಳಿದಿದೆಯೋ ಎಂದು ಕೇಳಿಕೊಂಡು ಬರುವೆವು.