ಕೋಟಿನ ಸುತ್ತ

ಬಣ್ಣದ ಮೇಸ್ತ್ರಿ ಗೋಡೆಯನ್ನು ಅಂಗೈಯಿಂದ ಸವರಿ ನೋಡಿ, "ಪ್ರೈಮರ್ ಒಂದು ಕೋಟು, ಪುಟ್ಟಿ ಎರಡು ಕೋಟು, ಮೇಲೆ ಬಣ್ಣ ಎರಡು ಕೋಟು" ಎಂದು ಲೆಕ್ಕ ಒಪ್ಪಿಸುವಾಗ ಅವನಿಗಾಗಲಿ ಕೇಳುವ ನಮಗಾಗಲಿ ಬಟ್ಟೆಯ ನೆನಪೇ ಬರುವುದಿಲ್ಲ. ಆರತಕ್ಷತೆಯ ದಿನ ಮದುಮಗ ತೊಡುವುದೂ ಕೋಟೇ, ದೀಪಾವಳಿಗೆ ಮುಂಚೆ ಗೋಡೆ ತೊಡುವುದೂ ಕೋಟೇ. ಇಂಗ್ಲಿಷಿನಿಂದ ನಮ್ಮಲ್ಲಿಗೆ ಬಂದ ಶರ್ಟು, ಪ್ಯಾಂಟು, ಬನಿಯನ್ನು ಎಲ್ಲ ಬೀರು ಬಿಟ್ಟು ಕದಲಲಿಲ್ಲ. ಕೋಟು ಮಾತ್ರ ಗೋಡೆ ಹತ್ತಿತು, ದೋಸೆಯ ತವಾಕ್ಕೆ ಅಂಟಿತು, ಗುಳಿಗೆಯ ಮೇಲೆ ಸಕ್ಕರೆಯಾಗಿ ಕೂತಿತು.

ಇಂಗ್ಲಿಷಿಗೆ ಅದು ಹಳೆಯ ಫ್ರೆಂಚಿನಿಂದ ಬಂತು. ಮೈಗೆ ಹಾಕುವ ಉಡುಪು ಎಂಬಷ್ಟೇ ಅರ್ಥ. ಒಳಗಿನದನ್ನು ಕಾಯುವ, ನೋಡುವವರ ಕಣ್ಣಿಗೆ ಮೊದಲು ಬೀಳುವ ಪದರ ಎಂಬ ಭಾವ ಆಮೇಲೆ ಗಟ್ಟಿಯಾದದ್ದು. ಇದಕ್ಕೆ ಪೂರಾ ಉಲ್ಟಾ ಹೊಡೆದದ್ದು ಪೆಟಿಕೋಟು. ಪೆಟಿ ಎಂದರೆ ಚಿಕ್ಕದು, ಪೆಟಿಕೋಟು ಎಂದರೆ ಚಿಕ್ಕ ಕೋಟು. 15ನೇ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನು ಗಂಡಸರು ಮೇಲಂಗಿಯ ಕೆಳಗೆ, ಕೆಲವೊಮ್ಮೆ ಯುದ್ಧದ ಕವಚದ ಕೆಳಗೆ ತೊಡುತ್ತಿದ್ದರು. ಅಲ್ಲಿಂದ ಹೆಂಗಸರ ಉಡುಪಾಗಿ, ಸೊಂಟಕ್ಕಿಳಿದು, ಹಡಗು ಹತ್ತಿ ಬಂದು ನಮ್ಮ ಮನೆಗಳಲ್ಲಿ ಸೀರೆಯ ಒಳಲಂಗವಾಯಿತು, ಪುಟ್ಟ ಹುಡುಗಿಯರ ಫ್ರಾಕಿನ ಒಳಗಿನ ಹತ್ತಿಯ ಅಂಗಿಯಾಯಿತು. ಸೈನಿಕನ ಮೈಮೇಲಿದ್ದದ್ದು ಅಜ್ಜಿ ಒಣಹಾಕುವ ಹಗ್ಗಕ್ಕೆ ಬಂದ ಈ ದಾರಿ ನನಗೆ ಬಹಳ ಇಷ್ಟ.

ವೇಸ್ಟ್‌ಕೋಟಿನ ಕಥೆ ಇನ್ನೊಂದು. ಉಡುಪಿನ ಇತಿಹಾಸದಲ್ಲಿ ಇಂಥ ದಿನ ಇದು ಶುರುವಾಯಿತು ಎಂದು ಹೇಳಲಾಗುವುದು ಬಲು ಅಪರೂಪ, ಇಲ್ಲಿ ಹೇಳಬಹುದು. 1665ರಲ್ಲಿ ಲಂಡನ್ನಿಗೆ ಪ್ಲೇಗು ಬಡಿದಿತ್ತು. 1666ರ ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಸುಟ್ಟುಹೋಯಿತು. ಬೂದಿ ಆರಿದ ಮರುತಿಂಗಳೇ, ಅಕ್ಟೋಬರ್ 7ರಂದು, ದೊರೆ ಎರಡನೆಯ ಚಾರ್ಲ್ಸ್ ತನ್ನ ಸಭೆಯಲ್ಲಿ ಹೊಸ ಉಡುಪಿನ ಪದ್ಧತಿಯೊಂದನ್ನು ಸಾರಿದ. ಮರುದಿನವೇ ಸ್ಯಾಮ್ಯುಯೆಲ್ ಪೀಪ್ಸ್ ಅದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ. ಅದೇ ತಿಂಗಳು ಆ ಉಡುಪನ್ನು ಕಂಡ ಇನ್ನೊಬ್ಬ ದಿನಚರಿಕಾರ ಜಾನ್ ಎವೆಲಿನ್ ಇದು ಪರ್ಷಿಯಾದ ಮಾದರಿಯದೆಂದು ದಾಖಲಿಸಿದ. ಕೋಟಿನ ಒಳಗೆ ತೋಳಿಲ್ಲದ ಇನ್ನೊಂದನ್ನು ಹಾಕಿ ಗುಂಡಿ ಬಿಗಿಯುವ ಪದ್ಧತಿಯ ಮೂಲ ಅಲ್ಲಿದೆ. ಶುದ್ಧ ಇಂಗ್ಲಿಷ್ ಎಂದು ನಾವು ಭಾವಿಸುವ ತ್ರೀ ಪೀಸ್ ಸೂಟಿನ ಒಂದು ಪೀಸು ಪೂರ್ವ ದೇಶದ ಕಡೆ ನೋಡಿ ಹೊಲಿದದ್ದು.

ಅವರೆಕಾಳಿಗೂ ಕೋಟುಂಟು. ಚಳಿಗಾಲದಲ್ಲಿ ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಮನೆಮಂದಿ ಸುತ್ತ ಕೂತು ಹೆಬ್ಬೆರಳು ತೋರುಬೆರಳ ನಡುವೆ ಹಿತುಕುತ್ತಾರಲ್ಲ, ಆಗ ಕೈಯಲ್ಲಿ ಉಳಿಯುವ ಸಿಪ್ಪೆಯನ್ನು ಸಸ್ಯಶಾಸ್ತ್ರದವರು ಕರೆಯುವುದು ಬೀಜದ ಕೋಟು ಎಂದೇ. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಬೀಜಕವಚ. ಅವರೆಯ ಕೋಟು ಸಾಧು ಸ್ವಭಾವದ್ದು, ಒಂದು ರಾತ್ರಿಯ ನೀರಿಗೆ ಒಪ್ಪಿಬಿಡುತ್ತದೆ. ಸುಬಾಬುಲ್‌ನಂಥ ಮರಗಳ ಬೀಜದ ಕೋಟು ನೀರನ್ನೇ ಒಳಗೆ ಬಿಡುವುದಿಲ್ಲ. ನರ್ಸರಿಯವರು ಬಿತ್ತುವ ಮುಂಚೆ ಅದಕ್ಕೆ ಬಿಸಿನೀರಿನ ಉಪಚಾರ ಕೊಡಬೇಕು. ಎಂದು ಮೊಳೆಯಬೇಕು ಎಂಬ ತೀರ್ಮಾನದಲ್ಲಿ ಒಳಗಿನ ಜೀವದಷ್ಟೇ ಪಾಲು ಹೊರಗಿನ ಈ ಕೋಟಿಗೂ ಇದೆ. ಬರೀ ಸಿಪ್ಪೆ ಎಂದು ತಿಪ್ಪೆಗೆ ಎಸೆಯುವಾಗ ಇದನ್ನು ನೆನೆಯುವುದುಂಟು ನಾನು.

ಇಸ್ಪೀಟಿನಲ್ಲಿ ರಾಜ, ರಾಣಿ, ಗುಲಾಮ ಮೂವರಿಗೂ ಇಂಗ್ಲಿಷಿನಲ್ಲಿ ಈಗ ಕೋರ್ಟ್ ಕಾರ್ಡು ಎನ್ನುತ್ತಾರೆ. ಹಳೆಯ ಹೆಸರು ಕೋಟ್ ಕಾರ್ಡು. ಚಿತ್ರದಲ್ಲಿದ್ದವರು ನಿಲುವಂಗಿ ತೊಟ್ಟವರು, ಅದಕ್ಕೇ ಆ ಹೆಸರು. ರಾಜರಾಣಿಯರಿರುವುದು ಆಸ್ಥಾನದಲ್ಲಿ ತಾನೇ ಎಂದು ಜನರ ಬಾಯಲ್ಲಿ ಅದು ಕೋರ್ಟ್ ಆಯಿತು. ಇಂಡಿಯಾದಲ್ಲಿ ಆಡುವ ಕೋರ್ಟ್ ಪೀಸ್ ಎಂಬ ಆಟವನ್ನು ನಮ್ಮ ಜನ ಕೋಟ್ ಪೀಸ್ ಎಂದೇ ಕರೆಯುತ್ತಾರೆ. ಪಂಡಿತರು ಯಾರಾದರೂ ತಿದ್ದಲು ಬಂದರೆ ಸುಮ್ಮನೆ ನಕ್ಕು ಎಲೆ ಇಳಿಸಿದರೆ ಸಾಕು.

ಕೋಟು ತಿರುಗಿಸಿದವನು ಎಂದರೆ ಇಂಗ್ಲಿಷಿನಲ್ಲಿ ಪಕ್ಷಾಂತರಿ. ನಾವು ಊಸರವಳ್ಳಿಯನ್ನು ಕರೆಯುತ್ತೇವೆ, ಅವರು ದರ್ಜಿಯನ್ನು ಕರೆಯುತ್ತಾರೆ. ಆದರೆ ದರ್ಜಿ ಕೋಟು ತಿರುಗಿಸುವುದು ನಿಜವಾಗಿಯೂ ಇತ್ತು, ಅದು ಬಡವರ ಗೌರವದ ಕೆಲಸ. ಹೊರಮೈ ಸವೆದು ಹೊಳಪುಗಟ್ಟಿದ ಕೋಟನ್ನು ಪೂರ್ತಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿದರೆ ಇನ್ನಷ್ಟು ವರ್ಷ ಬಾಳುತ್ತಿತ್ತು. ಆ ಮಿತವ್ಯಯದ ಕೆಲಸಕ್ಕೆ ದ್ರೋಹಿಯ ಹೆಸರು ಅಂಟಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ವೈದ್ಯರ ಬಿಳಿ ಕೋಟು ನಾವು ತಿಳಿದಷ್ಟು ಹಳೆಯದಲ್ಲ. ಅಮೆರಿಕದ ಚಿತ್ರಕಾರ ಥಾಮಸ್ ಈಕಿನ್ಸ್ 1875ರಲ್ಲಿ ಬರೆದ ಶಸ್ತ್ರಚಿಕಿತ್ಸೆಯ ಚಿತ್ರದಲ್ಲಿ ವೈದ್ಯರೆಲ್ಲ ಕಪ್ಪು ಕೋಟಿನಲ್ಲಿದ್ದಾರೆ. 1889ರ ಇನ್ನೊಂದು ಚಿತ್ರದಲ್ಲಿ ಎಲ್ಲರದೂ ಬಿಳಿ. ನಡುವಿನ 14 ವರ್ಷಗಳಲ್ಲಿ ರೋಗಾಣುವಿನ ಅರಿವು ಆಸ್ಪತ್ರೆಯೊಳಕ್ಕೆ ಕಾಲಿಟ್ಟಿತ್ತು. ಕೊಳೆ ಕಾಣಲೆಂದೇ ಬಿಳಿ ಬಂತು. ಆಮೇಲೆ ತೋಳಿನ ತುದಿಯಲ್ಲೇ ರೋಗಾಣು ಓಡಾಡುತ್ತದೆಂದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು 2007ರಲ್ಲಿ ಆ ಉದ್ದ ತೋಳಿನ ಕೋಟನ್ನೇ ಬಿಡಿಸಿದವು. ಅದನ್ನು ಕಂಡೊಡನೆ ರಕ್ತದೊತ್ತಡ ಏರುವ ರೋಗಿಗಳೂ ಇದ್ದಾರೆ. ವೈದ್ಯರ ಭಾಷೆಯಲ್ಲಿ ಅದಕ್ಕೆ ಬಿಳಿ ಕೋಟಿನ ರಕ್ತದೊತ್ತಡ ಎಂದೇ ಹೆಸರು.

ಮಳೆಯ ಕೋಟು ಚಾರ್ಲ್ಸ್ ಮ್ಯಾಕಿಂಟಾಷ್‌ನದು. ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಹಚ್ಚಿ ಒತ್ತುವ ವಿಧಾನಕ್ಕೆ ಆತ 1823ರಲ್ಲಿ ಪೇಟೆಂಟ್ ಪಡೆದ. ನಮ್ಮ ಮಲೆನಾಡಿಗೆ ಅದು ಬರುವವರೆಗೆ ಕಂಬಳಿಕೊಪ್ಪೆಯಿತ್ತು, ಎಲೆ ಹೆಣೆದ ಗೊರಬಿತ್ತು. ಬಗ್ಗಿ ನಾಟಿ ಮಾಡುವ ಹೆಂಗಸಿನ ಬೆನ್ನನ್ನು ಗೊರಬು ಕಾಯುವಷ್ಟು ಚೆನ್ನಾಗಿ ಯಾವ ರೇನ್‌ಕೋಟೂ ಕಾಯಲಾರದು, ಏಕೆಂದರೆ ಗೊರಬನ್ನು ರೂಪಿಸಿದ್ದೇ ಬಗ್ಗಿದ ಬೆನ್ನಿಗೆ. ಕೊಡಗಿನವರಂತೂ ಇಂಗ್ಲಿಷಿನವರ ಹಂಗಿಲ್ಲದೆ ತಮ್ಮದೇ ಕೋಟು ಇಟ್ಟುಕೊಂಡಿದ್ದಾರೆ. ಮೊಣಕಾಲಿನವರೆಗೆ ಇಳಿಯುವ ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಪೀಚೆಕತ್ತಿ. ಮದುಮಗನಿಗೆ ಮಾತ್ರ ಬಿಳಿಯ ಕುಪ್ಯ.

ಬಯಲುಸೀಮೆಯಲ್ಲಿ ಕೋಟಿಗೂ ಚಳಿಗೂ ಸಂಬಂಧವಿರಲಿಲ್ಲ. ಕಚ್ಚೆಪಂಚೆಯ ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕ್ಲೋಸ್ ಕಾಲರ್ ಕೋಟು, ತಲೆಗೆ ರುಮಾಲು ಅಥವಾ ಟೋಪಿ. ಹಳೆಯ ಮೈಸೂರಿನ ಮೇಷ್ಟ್ರು, ಶಾನುಭೋಗ, ಅಮಲ್ದಾರ ಎಲ್ಲರೂ ಹೀಗೇ. ಜೇಬಿನಲ್ಲಿ ನಶ್ಯದ ಡಬ್ಬಿ, ಕನ್ನಡಕದ ಪೆಟ್ಟಿಗೆ, ಗಡಿಯಾರದ ಸರಪಳಿ. ಸೊಂಟದ ಮೇಲೆ ಕಚೇರಿ, ಸೊಂಟದ ಕೆಳಗೆ ಮನೆ. ಸರ್ ಎಂ. ವಿಶ್ವೇಶ್ವರಯ್ಯನವರು ಗೆರೆ ಎಳೆದದ್ದು ಇನ್ನೂ ಮೇಲೆ. ಮೈತುಂಬ ಸೂಟು, ಕತ್ತಿಗೆ ಟೈ, ತಲೆಯ ಮೇಲೆ ಜರಿಯ ಮೈಸೂರು ಪೇಟ. ಅನುಕರಣೆ ಎಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟನ್ನು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಕ ಆ ಉಡುಪಿನಲ್ಲಿದೆ.

1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಗಾಂಧಿ ಮೇಲಂಗಿ ಬಿಟ್ಟು ತುಂಡುಬಟ್ಟೆ ಉಟ್ಟರು. ಬಟ್ಟೆಯಿಲ್ಲದವರ ಜೊತೆ ನಿಲ್ಲಲು ಅವರು ಕಳಚಿದರು. ಅಂಬೇಡ್ಕರ್ ತೊಟ್ಟರು. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಅವರ ಪ್ರತಿಮೆಗೆ ನೀಲಿ ಬಣ್ಣದ ಕೋಟಿರುತ್ತದೆ, ಕೈಯಲ್ಲಿ ಸಂವಿಧಾನ. ಯಾರು ಏನು ಉಡಬೇಕು, ಎಲ್ಲಿಯವರೆಗೆ ಉಡಬೇಕು ಎಂದು ಜಾತಿ ಅಪ್ಪಣೆ ಕೊಡುತ್ತಿದ್ದ ನಾಡಿನಲ್ಲಿ ಗುಂಡಿ ಹಾಕಿದ ಕೋಟು ಒಂದು ಹಕ್ಕೊತ್ತಾಯ. ಜಯಂತಿಯ ಮುನ್ನಾದಿನ ಕೇರಿಯ ಹುಡುಗರು ಏಣಿ ಹಾಕಿ ಆ ಕೋಟಿಗೆ ಹೊಸದಾಗಿ ನೀಲಿಯ ಕೋಟು ಕೊಡುತ್ತಾರೆ. ಪದದ ಎರಡೂ ಅರ್ಥ ಒಟ್ಟಿಗೆ ಕೂಡಿ ಬರುವ ಇಷ್ಟು ಚೆಲುವಾದ ಜಾಗ ನನಗೆ ಬೇರೆ ಗೊತ್ತಿಲ್ಲ.

ಹೀಗೆ ತಾನಾಗಿ ಆರಿಸಿಕೊಂಡ ಕೋಟಿನ ಮೇಲೆ ನನಗೆ ಎಷ್ಟು ಪ್ರೀತಿಯೋ, ಹೇರಿದ ಕೋಟಿನ ಮೇಲೆ ಅಷ್ಟೇ ಸಂಕಟ. ನಮ್ಮ ವಕೀಲರ ಕಪ್ಪು ಕೋಟು ಅಂಥದು. 1694ರಲ್ಲಿ ರಾಣಿ ಎರಡನೆಯ ಮೇರಿ ಸತ್ತಾಗ ಇಂಗ್ಲೆಂಡಿನ ವಕೀಲರು ತೊಟ್ಟ ಶೋಕದ ಬಣ್ಣ ಹಾಗೇ ಉಳಿಯಿತು ಎಂಬ ಮಾತು ಪ್ರಚಲಿತ. ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ, ಆದರೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳನ್ನು ಅದು ಹೊರಗಿಡುತ್ತದೆ. ನಮ್ಮ ಹೈಕೋರ್ಟಿನ ಒಂದು ಪೀಠ ಇರುವುದು ಕಲಬುರಗಿಯಲ್ಲಿ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಟ್ಟಡದ ಒಳಗೆ ತಂಪಿರಬಹುದು, ಕಕ್ಷಿದಾರನನ್ನು ಹುಡುಕುತ್ತ ಗೇಟಿಗೂ ಜೆರಾಕ್ಸ್ ಅಂಗಡಿಗೂ ಓಡುವ ಕಿರಿಯ ವಕೀಲರಿಗೆ ಆ ತಂಪಿಲ್ಲ. ಬಿಳಿ ಶರ್ಟು, ಕತ್ತಿನ ಬಿಳಿ ಪಟ್ಟಿ ಇದ್ದರೆ ವಕೀಲರೆಂದು ಎಲ್ಲರಿಗೂ ಗುರುತು ಸಿಗುತ್ತದೆ. ಜಿಲ್ಲಾ ನ್ಯಾಯಾಲಯಕ್ಕೆ ಕೊಟ್ಟ ವಿನಾಯಿತಿಯನ್ನು ಈ ಪೀಠಕ್ಕೂ ಕೊಡಬೇಕು, ಮುಂದಿನ ಬೇಸಿಗೆಯೊಳಗೇ ಕೊಡಬೇಕು.